ನಾಯಕತ್ವದಲ್ಲಿ ಸಂಘರ್ಷ ಮತ್ತು ಸಂವಹನ

ಒಂದೇ ಕೆಲಸಕ್ಕಾಗಿ ಕೂಡಿದ ಜನರ ನಡುವೆ ಕೂಲಿ, ಅಧಿಕಾರ, ಅಭಿಪ್ರಾಯ, ಮರ್ಯಾದೆ ಮೊದಲಾದ ಕಾರಣಗಳಿಂದ ವಿರೋಧ ಹುಟ್ಟುತ್ತದೆ. ಆ ವಿರೋಧವನ್ನು ಸಕಾಲದಲ್ಲಿ ಗುರುತಿಸಿ, ಮಾತಿನ ನೆಲೆಗೆ ತಂದು, ಕೆಲಸ ಕೆಡದಂತೆಯೂ ಬಡವರ ಮೇಲೆ ಹೊರೆ ಬೀಳದಂತೆಯೂ ಬಗೆಹರಿಸುವುದು ನಾಯಕನ ಹೊಣೆಗಳಲ್ಲಿ ಬಹು ಕಷ್ಟದ್ದು. ಇಪ್ಪತ್ತನೆಯ ಶತಮಾನದಲ್ಲಿ ಈ ವಿಷಯ ನಿರ್ವಹಣಾಶಾಸ್ತ್ರ, ಮನೋವಿಜ್ಞಾನ, ಕಾರ್ಮಿಕ ಕಾನೂನು ಮತ್ತು ರಾಜತಾಂತ್ರಿಕತೆಗಳಲ್ಲಿ ಬೇರೆಬೇರೆಯಾಗಿ ಬೆಳೆದು ಬಂತು. ಗಿರಣಿಯ ಮುಷ್ಕರವನ್ನು ಅಭ್ಯಾಸ ಮಾಡಿದವರಿಗೂ ವಿಮಾನಾಪಘಾತವನ್ನು ತನಿಖೆ ಮಾಡಿದವರಿಗೂ ಪರಸ್ಪರ ಸಂಪರ್ಕ ಇರಲಿಲ್ಲ. ಆದರೂ ಇಬ್ಬರೂ ಮುಟ್ಟಿದ ತೀರ್ಮಾನ ಹತ್ತಿರಹತ್ತಿರದ್ದು: ಸಂಘರ್ಷ ಇದ್ದುದರಿಂದ ಕೆಟ್ಟ ಕೆಲಸಗಳಿಗಿಂತ, ಇದ್ದ ಸಂಘರ್ಷ ನಾಯಕನ ಕಿವಿಗೆ ಬೀಳದೆಯೋ, ಬಿದ್ದರೂ ಮನಸ್ಸಿಗೆ ಇಳಿಯದೆಯೋ ಕೆಟ್ಟ ಕೆಲಸಗಳು ಹೆಚ್ಚು ಅನಾಹುತ ಮಾಡಿವೆ.

ಸಂವಹನವೆಂದರೆ ನಾಯಕ ಚೆನ್ನಾಗಿ ಮಾತಾಡುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬಲವಾಗಿದೆ. ತರಬೇತಿ ಶಿಬಿರಗಳಲ್ಲಿ ಭಾಷಣಕಲೆಗೆ ಸಿಗುವ ಸಮಯ ಕೇಳುವ ಕಲೆಗೆ ಸಿಗುವುದಿಲ್ಲ. ಈ ವಿಷಯದ ಇತಿಹಾಸ ಮಾತ್ರ ಬೇರೆ ಕಡೆಗೆ ಬೊಟ್ಟು ಮಾಡುತ್ತದೆ.

ಫಾಲೆಟ್ ಹಾಕಿದ ತಳಪಾಯ

ಸಂಘರ್ಷವನ್ನು ರೋಗವೆಂದು ಕಾಣದೆ, ಭಿನ್ನತೆಯ ಸಹಜ ರೂಪವೆಂದು ಕಂಡವರಲ್ಲಿ ಮೊದಲಿಗರೆನ್ನಬಹುದಾದವರು ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ (1868–1933). ಅವರು ವಿಶ್ವವಿದ್ಯಾಲಯದ ಕುರ್ಚಿಯಲ್ಲಿ ಕೂತು ಬರೆದವರಲ್ಲ. ಬಾಸ್ಟನ್ನಿನ ಬಡಾವಣೆಗಳಲ್ಲಿ ವರ್ಷಗಟ್ಟಲೆ ಸಮಾಜಸೇವೆ ಮಾಡಿ, ಶಾಲೆಯ ಕಟ್ಟಡಗಳನ್ನು ಸಂಜೆಯ ಹೊತ್ತು ಸಮುದಾಯ ಕೇಂದ್ರಗಳಾಗಿ ತೆರೆಸಿದವರು. 1925ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಉದ್ಯಮಿಗಳ ಮುಂದೆ ಅವರು ಕೊಟ್ಟ ಉಪನ್ಯಾಸ ಈ ವಿಷಯದ ಮೂಲಗ್ರಂಥದಂತಿದೆ. ವಿರೋಧ ಮುಗಿಯುವ ದಾರಿಗಳು ಮೂರು ಎಂದರು ಅವರು. ಒಬ್ಬರು ಇನ್ನೊಬ್ಬರನ್ನು ಮಣಿಸುವುದು ಒಂದು. ಇಬ್ಬರೂ ಒಂದಿಷ್ಟು ಬಿಟ್ಟುಕೊಟ್ಟು ರಾಜಿಯಾಗುವುದು ಎರಡನೆಯದು. ಇಬ್ಬರ ನಿಜವಾದ ಬೇಡಿಕೆಯೂ ನೆರವೇರುವ ಹೊಸ ವ್ಯವಸ್ಥೆಯನ್ನು ಹುಡುಕುವುದು ಮೂರನೆಯದು. ಇದನ್ನು ಅವರು ಸಮನ್ವಯ ಎಂದು ಕರೆದರು.

ಅವರು ಕೊಟ್ಟ ಉದಾಹರಣೆ ಹಾಲು ಉತ್ಪಾದಕರ ಸಹಕಾರ ಸಂಘದ್ದು. ಹಾಲಿನ ಕ್ಯಾನು ಇಳಿಸುವ ಕಟ್ಟೆಯ ಮುಂದೆ ಯಾರ ಗಾಡಿ ಮೊದಲು ನಿಲ್ಲಬೇಕೆಂದು ಜಗಳ ಹತ್ತಿ ಸಂಘವೇ ಒಡೆಯುವ ಹಂತಕ್ಕೆ ಬಂದಿತ್ತು. ಗುಡ್ಡದಿಂದ ಇಳಿದು ಬರುವವರು ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯಲಾರೆವು, ನಮಗೆ ಮೊದಲು ಬಿಡಿ ಎಂದರು. ತಗ್ಗಿನವರು ನಾವೇಕೆ ಹಿಂದೆ ನಿಲ್ಲಬೇಕು ಎಂದರು. ಹಿಂದೆಮುಂದೆ ಎಂಬ ಎರಡೇ ಪದಗಳಲ್ಲಿ ಎರಡೂ ಕಡೆಯವರ ಬುದ್ಧಿ ಸಿಕ್ಕಿಹಾಕಿಕೊಂಡಿತ್ತು. ಹೊರಗಿನಿಂದ ಬಂದವರೊಬ್ಬರು ಕಟ್ಟೆಯ ಜಾಗವನ್ನೇ ಬದಲಿಸಿ, ಎರಡು ಕಡೆಯ ಗಾಡಿಗಳೂ ಒಟ್ಟಿಗೇ ಇಳಿಸುವಂತೆ ಮಾಡಿ ಎಂದರು. ಜಗಳ ಅಲ್ಲಿಗೆ ಮುಗಿಯಿತು. ಸರದಿಯಂತೆ ಒಂದು ದಿನ ಇವರು, ಒಂದು ದಿನ ಅವರು ಎಂದು ರಾಜಿ ಮಾಡಿಸಿದ್ದರೆ ಎರಡೂ ಕಡೆಯ ಅರ್ಧ ಅಸಮಾಧಾನ ಒಳಗೇ ಉಳಿಯುತ್ತಿತ್ತು.

ಎಲ್ಲ ಜಗಳಕ್ಕೂ ಹೀಗೆ ಕಟ್ಟೆ ಸರಿಸಲಾಗದು ಎಂಬುದನ್ನು ಫಾಲೆಟ್ ಬಲ್ಲರು. ಹಾಗೆಂದು ಹೇಳಿಯೂ ಇದ್ದಾರೆ. ಅವರ ಒತ್ತು ಇದ್ದದ್ದು ಬೇಡಿಕೆಯ ಮಾತನ್ನು ಒಡೆದು ಅದರ ಹಿಂದಿರುವ ಅಗತ್ಯವನ್ನು ನೋಡುವುದರ ಮೇಲೆ. ಆಜ್ಞೆ ಮೇಲಧಿಕಾರಿಯ ಬಾಯಿಂದ ಬರುವ ಬದಲು ಸಂದರ್ಭದ ಅಗತ್ಯದಿಂದಲೇ ಹೊರಡಬೇಕು, ಇನ್ನೊಬ್ಬರ ಮೇಲೆ ನಡೆಸುವ ಅಧಿಕಾರಕ್ಕಿಂತ ಇನ್ನೊಬ್ಬರ ಜೊತೆಗೂಡಿ ನಡೆಸುವ ಅಧಿಕಾರ ಬಾಳಿಕೆ ಬರುತ್ತದೆ ಎಂದೂ ಅವರು ವಾದಿಸಿದರು. ಅವರ ಕಾಲದ ಉದ್ಯಮಿಗಳು ಆಸಕ್ತಿಯಿಂದ ಕೇಳಿದರು. ತೀರಿಕೊಂಡ ಮೇಲೆ ಅಮೆರಿಕದಲ್ಲಿ ಹಲವು ದಶಕ ಅವರನ್ನು ನೆನೆಯುವವರು ವಿರಳವಾದರು. ನಂತರದ ಸಿದ್ಧಾಂತಗಳಲ್ಲಿ ಬಹುಪಾಲು ಅವರ ಮಾತಿನ ವಿಸ್ತರಣೆಯೇ ಆಗಿರುವುದರಿಂದ ಆ ಮರೆವು ಅನ್ಯಾಯದ್ದು.

ಅಹಮದಾಬಾದ್, 1918

ಭಾರತದಲ್ಲಿ ಈ ವಿಷಯವನ್ನು ಕಲಿಯಬೇಕೆಂದರೆ ಅಹಮದಾಬಾದಿನ ಬಟ್ಟೆ ಗಿರಣಿಗಳ ವಿವಾದಕ್ಕಿಂತ ಒಳ್ಳೆಯ ಪ್ರಸಂಗ ಸಿಕ್ಕುವುದು ಕಷ್ಟ. ನಾಯಕನೊಬ್ಬ ಏನು ಮಾಡಿದ, ಎಲ್ಲಿ ಮುಗ್ಗರಿಸಿದ, ಅದನ್ನು ತಾನೇ ಹೇಗೆ ತೂಗಿ ನೋಡಿಕೊಂಡ ಎಂಬ ಎಲ್ಲವೂ ಇಲ್ಲಿ ದಾಖಲಾಗಿದೆ. ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ಇದರ ಮೇಲೆ ಗುಜರಾತಿಯಲ್ಲಿ ಒಂದು ಪುಸ್ತಕವನ್ನೇ ಬರೆದರು. ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ಅವರ 1969ರ ಗಾಂಧಿ ಅಧ್ಯಯನಕ್ಕೆ ಈ ಮುಷ್ಕರವೇ ಕೇಂದ್ರ.

1917ರಲ್ಲಿ ಊರಿಗೆ ಪ್ಲೇಗ್ ಬಂದಾಗ ಕಾರ್ಮಿಕರು ಊರು ಬಿಡದಿರಲೆಂದು ಗಿರಣಿ ಮಾಲೀಕರು ಕೂಲಿಯ ಮುಕ್ಕಾಲು ಪಾಲಿನವರೆಗೂ ಪ್ಲೇಗ್ ಬೋನಸ್ ಕೊಟ್ಟರು. ರೋಗ ಇಳಿದ ಮೇಲೆ, 1918ರ ಆರಂಭದಲ್ಲಿ, ಅದನ್ನು ನಿಲ್ಲಿಸಲು ಹೊರಟರು. ಅಷ್ಟರಲ್ಲಿ ಮಹಾಯುದ್ಧದಿಂದ ಜೀವನಾವಶ್ಯಕ ವಸ್ತುಗಳ ಬೆಲೆ ಗಗನಕ್ಕೇರಿತ್ತು. ಬೋನಸ್ಸಿನ ಬದಲು ನೇಕಾರರು ಶೇ. 50 ಏರಿಕೆ ಕೇಳಿದರು, ಮಾಲೀಕರು ಶೇ. 20ಕ್ಕೆ ನಿಂತರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ ಸಾರಾಭಾಯಿ. ಇಬ್ಬರೂ ಗಾಂಧೀಜಿಗೆ ಆಪ್ತರು. ಅಂಬಾಲಾಲರಂತೂ ಗಾಂಧೀಜಿಯ ಕೊಚರಬ್ ಆಶ್ರಮ ಅಸ್ಪೃಶ್ಯ ಕುಟುಂಬವೊಂದನ್ನು ಸೇರಿಸಿಕೊಂಡು ದೇಣಿಗೆ ಕಳೆದುಕೊಂಡಿದ್ದಾಗ ಹದಿಮೂರು ಸಾವಿರ ರೂಪಾಯಿ ಕೊಟ್ಟು ಅದನ್ನು ಉಳಿಸಿದವರು.

ಮೊದಲು ಮಧ್ಯಸ್ಥಿಕೆಯ ಮಂಡಳಿಯೊಂದು ರಚನೆಯಾಯಿತು. ಕಾರ್ಮಿಕರ ಕಡೆಯಿಂದ ಗಾಂಧೀಜಿ, ವಲ್ಲಭಭಾಯಿ ಪಟೇಲ್ ಮತ್ತು ಶಂಕರಲಾಲ್ ಬ್ಯಾಂಕರ್, ಮಾಲೀಕರ ಕಡೆಯಿಂದಲೂ ಮೂವರು, ಅಧ್ಯಕ್ಷಸ್ಥಾನದಲ್ಲಿ ಕಲೆಕ್ಟರ್. ಈ ನಡುವೆ ಕೆಲವು ಗಿರಣಿಗಳಲ್ಲಿ ಕಾರ್ಮಿಕರು ಯಾರನ್ನೂ ಕೇಳದೆ ಕೆಲಸ ನಿಲ್ಲಿಸಿದರು. ತಪ್ಪು ತನ್ನ ಕಡೆಯವರದೆಂದು ಗಾಂಧೀಜಿ ಒಪ್ಪಿಕೊಂಡು ವಿಷಾದ ತಿಳಿಸಿದರೂ ಮಾಲೀಕರು ಮಂಡಳಿಯಿಂದ ಹೊರನಡೆದು, ಫೆಬ್ರವರಿ 22ರಿಂದ ಲಾಕೌಟ್ ಘೋಷಿಸಿದರು.

ಆಮೇಲೆ ಗಾಂಧೀಜಿ ಮಾಡಿದ ಮೊದಲ ಕೆಲಸ ತನ್ನ ಕಡೆಯವರ ಬೇಡಿಕೆಯನ್ನು ಇಳಿಸಿದ್ದು. ಕೂಲಿ, ಬೆಲೆ, ಬೇರೆಡೆಯ ಗಿರಣಿಗಳ ಸಂಬಳ ಎಲ್ಲವನ್ನೂ ವಿಚಾರಿಸಿ ನ್ಯಾಯವಾದದ್ದು ಶೇ. 35 ಎಂದು ಲೆಕ್ಕ ಹಾಕಿದರು. ಐವತ್ತರ ಕೂಗಿನಲ್ಲಿದ್ದ ಜನರನ್ನು ಅದಕ್ಕೆ ಒಪ್ಪಿಸಿದರು. ಚೌಕಾಸಿಗೆಂದು ಹೆಚ್ಚು ಹೇಳಿ ಕೊನೆಗೆ ಇಳಿಯುವ ರೂಢಿಯ ತಂತ್ರಕ್ಕೆ ಇದು ನೇರ ವಿರುದ್ಧ. ಸಮರ್ಥಿಸಿಕೊಳ್ಳಬಲ್ಲಷ್ಟನ್ನೇ ಕೇಳು, ಕೇಳಿದ ಮೇಲೆ ಕದಲಬೇಡ ಎಂಬುದು ಅವರ ಲೆಕ್ಕ. ಶೇ. 35 ಸಿಗದೆ ಕೆಲಸಕ್ಕೆ ಮರಳುವುದಿಲ್ಲ, ಹೊಡೆದಾಟ, ಲೂಟಿ, ಬೈಗುಳ, ಮಾಲೀಕರ ಆಸ್ತಿಗೆ ಹಾನಿ ಯಾವುದಕ್ಕೂ ಇಳಿಯುವುದಿಲ್ಲ ಎಂದು ಕಾರ್ಮಿಕರು ಪ್ರತಿಜ್ಞೆ ಮಾಡಿದರು.

ಸಂವಹನದ ದೃಷ್ಟಿಯಿಂದ ಮುಂದಿನ ಮೂರು ವಾರ ಬಹಳ ಬೆಲೆಯುಳ್ಳವು. ಸಾಬರಮತಿಯ ದಡದ ಜಾಲಿಮರದ ಕೆಳಗೆ ಪ್ರತಿ ಸಂಜೆ ಸಭೆ. ಹೆಚ್ಚು ಕಡಿಮೆ ದಿನಕ್ಕೊಂದರಂತೆ ಸರಳ ಗುಜರಾತಿಯ ಕರಪತ್ರ. ಬರೆಯುತ್ತಿದ್ದವರು ಗಾಂಧೀಜಿ, ಹೊರಡುತ್ತಿದ್ದುದು ಅನಸೂಯಾಬೆನ್ ಹೆಸರಿನಲ್ಲಿ. ಪ್ರತಿಜ್ಞೆಯ ಅರ್ಥವೇನು, ಲಾಕೌಟಿನ ದಿನಗಳನ್ನು ಹೇಗೆ ಕಳೆಯಬೇಕು, ಮಾಲೀಕರ ಕಷ್ಟವೇನು ಎಂಬುದನ್ನೆಲ್ಲ ಅವು ವಿವರಿಸುತ್ತಿದ್ದವು. ಎದುರಾಳಿಯನ್ನು ರಾಕ್ಷಸನಾಗಿ ಚಿತ್ರಿಸುವ ಒಂದು ಸಾಲೂ ಬರದಂತೆ ಎಚ್ಚರ ವಹಿಸಿದ್ದರು. ಹೊಟ್ಟೆಪಾಡಿಗೆ ಬೇರೆ ಕೂಲಿ ಹುಡುಕಿಕೊಳ್ಳಲು ಹೇಳಿದರು. ಆಗ ಕಟ್ಟುತ್ತಿದ್ದ ಸಾಬರಮತಿ ಆಶ್ರಮದ ನೇಯ್ಗೆ ಶಾಲೆಯ ತಳಪಾಯಕ್ಕೆ ಮರಳು ತುಂಬುವ ಕೆಲಸವನ್ನು ಕೆಲವರಿಗೆ ಕೊಟ್ಟರು. ಅನಸೂಯಾ ತಾವೂ ಮರಳಿನ ಬುಟ್ಟಿ ಹೊತ್ತರು.

ಮಾರ್ಚ್ 12ರಂದು ಮಾಲೀಕರು ಲಾಕೌಟ್ ತೆಗೆದು, ಶೇ. 20ಕ್ಕೆ ಒಪ್ಪುವವರು ಬರಬಹುದೆಂದರು. ಹಸಿದ ಜನರ ಮನಸ್ಸು ಸಡಿಲವಾಗತೊಡಗಿತು, ಸಭೆಗೆ ಬರುವವರು ಕಡಿಮೆಯಾದರು. ಬೆಳಗಿನ ಸಭೆಗೆ ಕರೆಯಲು ಚಾಳಿಗೆ ಹೋದ, ಗಾಂಧೀಜಿಯ ಬಂಧು ಛಗನಲಾಲ್ ಗಾಂಧಿಯವರಿಗೆ ಕಾರ್ಮಿಕರು ಖಾರವಾಗಿ ಉತ್ತರಿಸಿದರು: ಗಾಂಧಿಗೂ ಅನಸೂಯಾಬೆನ್‌ಗೂ ಏನಾಗಬೇಕು, ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗುತ್ತಾರೆ, ಹೊಟ್ಟೆತುಂಬ ಉಣ್ಣುತ್ತಾರೆ, ಸಾಯುತ್ತಿರುವವರು ನಾವು ಎಂಬುದು ಆ ಮಾತಿನ ಸಾರ. ಛಗನಲಾಲ್ ಅದನ್ನು ಮೆತ್ತಗೆ ಮಾಡದೆ ಹಾಗೆಯೇ ಬಂದು ಹೇಳಿದರು. ಈ ಇಡೀ ಪ್ರಸಂಗದಲ್ಲಿ ಬಹಳ ದೊಡ್ಡ ಸಂಗತಿ ಇದು ಎನ್ನಬೇಕು. ಸುತ್ತಲಿನವರು ಕಹಿ ಮಾತನ್ನು ಸೋಸಿ, ಸಿಹಿ ಮಾಡಿ ತಲುಪಿಸುವ ನಾಯಕನಿಗೆ ತನ್ನ ಜನರ ಸ್ಥಿತಿ ಗೊತ್ತಾಗುವುದೇ ಇಲ್ಲ. ಗಾಂಧೀಜಿ ಆ ಮಾತನ್ನು ಅವಮಾನವೆಂದುಕೊಳ್ಳದೆ ಸುದ್ದಿಯೆಂದು ತೆಗೆದುಕೊಂಡರು. ಮಾರ್ಚ್ 15ರ ಸಭೆಯಲ್ಲಿ, ವಿವಾದ ಬಗೆಹರಿಯುವವರೆಗೆ ಊಟ ಮಾಡುವುದಿಲ್ಲ, ಕಾರು ಹತ್ತುವುದಿಲ್ಲ ಎಂದರು.

ಮೂರು ದಿನದಲ್ಲಿ ಒಪ್ಪಂದವಾಯಿತು. ಅದರ ಹೆಣಿಗೆ ನೋಡತಕ್ಕದ್ದು. ಮೊದಲ ದಿನದ ಕೂಲಿಗೆ ಶೇ. 35 ಏರಿಕೆ, ಕಾರ್ಮಿಕರ ಪ್ರತಿಜ್ಞೆ ಉಳಿಯಿತು. ಎರಡನೆಯ ದಿನಕ್ಕೆ ಶೇ. 20; ಮಾಲೀಕರ ಮಾತೂ ಉಳಿಯಿತು. ಮೂರನೆಯ ದಿನದಿಂದ ಮಧ್ಯಸ್ಥರ ತೀರ್ಪು ಬರುವವರೆಗೆ ಇವೆರಡರ ನಡುವಿನ ಶೇ. 27.5. ಮಧ್ಯಸ್ಥರಾಗಿ ಪ್ರೊ. ಆನಂದಶಂಕರ ಧ್ರುವ ಅವರನ್ನು ಇಬ್ಬರೂ ಒಪ್ಪಿದರು. ಕೆಲವು ತಿಂಗಳ ನಂತರ ಅವರು ಶೇ. 35ನ್ನೇ ಎತ್ತಿಹಿಡಿದರು. ಲೆಕ್ಕದ ದೃಷ್ಟಿಯಿಂದ ಮೊದಲ ಎರಡು ದಿನದ ವ್ಯವಸ್ಥೆಗೆ ಬೆಲೆಯಿಲ್ಲ. ಆದರೆ ಸೋತೆವೆಂಬ ಭಾವನೆ ಹೊತ್ತು ಯಾರೂ ಗಿರಣಿಯ ಬಾಗಿಲು ದಾಟಬಾರದೆಂಬುದಕ್ಕೆ ಆ ಎರಡು ದಿನ ಬೇಕಾಗಿದ್ದವು.

ಗಾಂಧೀಜಿಗೆ ಈ ಗೆಲುವು ಪೂರ್ತಿ ಸಮಾಧಾನ ಕೊಡಲಿಲ್ಲ. ಉಪವಾಸ ಕಾರ್ಮಿಕರ ಪ್ರತಿಜ್ಞೆಯನ್ನು ಉಳಿಸಲೆಂದು ಮಾಡಿದ್ದೇ ಆದರೂ, ಮಾಲೀಕರು ತನ್ನ ಸ್ನೇಹಿತರಾದ್ದರಿಂದ ಅದು ಅವರ ಮೇಲೆ ಒತ್ತಡವಾಗಿ ಬಿತ್ತು, ಅವರು ಒಪ್ಪಿದ್ದು ನ್ಯಾಯಕ್ಕಿಂತ ಹೆಚ್ಚಾಗಿ ತನ್ನ ಪ್ರಾಣದ ಮೇಲಿನ ಕಾಳಜಿಗೆ ಎಂದು ಆತ್ಮಕಥೆಯಲ್ಲಿ ದೋಷ ಒಪ್ಪಿಕೊಂಡಿದ್ದಾರೆ. ಪ್ರೀತಿಯನ್ನು ಒತ್ತಡದ ಸಾಧನವಾಗಿಸುವ ಅಪಾಯ ಮನೆಯ ಹಿರಿಯರಿಂದ ಹಿಡಿದು ಸಂಸ್ಥಾಪಕರವರೆಗೆ ಎಲ್ಲ ಪ್ರೀತಿಪಾತ್ರ ನಾಯಕರಿಗೂ ಇದೆ. ಆ ದೋಷವನ್ನು ಇಷ್ಟು ನೇರವಾಗಿ ತನ್ನ ಮೇಲೆಯೇ ಹೊರಿಸಿಕೊಂಡವರು ಕಡಿಮೆ. 1920ರಲ್ಲಿ ಅಹಮದಾಬಾದಿನ ಕಾರ್ಮಿಕ ಸಂಘ, ಅಂದರೆ ಮಜೂರ್ ಮಹಾಜನ್, ಸ್ಥಾಪನೆಯಾಯಿತು. ವಿವಾದಗಳನ್ನು ಮಧ್ಯಸ್ಥಿಕೆಯಿಂದ ತೀರಿಸಿಕೊಳ್ಳುವ ಪದ್ಧತಿ ಅಲ್ಲಿ ಬೇರೂರಿತು.

ಅಂಬೇಡ್ಕರರ ಆಕ್ಷೇಪ

ಸಂಧಾನದ ಮಾತು ಎಷ್ಟೇ ಸುಂದರವಾಗಿದ್ದರೂ, ಅದನ್ನು ಕಾನೂನಿನಿಂದ ಕಡ್ಡಾಯ ಮಾಡಿದಾಗ ಏನಾಗುತ್ತದೆ ಎಂಬ ಪ್ರಶ್ನೆ 1938ರಲ್ಲಿ ಮುಂಬಯಿ ವಿಧಾನಸಭೆಯ ಮುಂದೆ ಬಂತು. ಆಗಿನ ಕಾಂಗ್ರೆಸ್ ಸರ್ಕಾರ ತಂದ ಕೈಗಾರಿಕಾ ವಿವಾದ ಮಸೂದೆ, ಸಂಧಾನದ ಹಂತ ಮುಗಿಯುವ ಮುನ್ನ ನಡೆಯುವ ಮುಷ್ಕರವನ್ನು ಅಪರಾಧವೆಂದಿತು. ಮಜೂರ್ ಮಹಾಜನ್‌ನ ಗುಲ್ಜಾರಿಲಾಲ್ ನಂದಾ ಆ ಸರ್ಕಾರದ ಕಾರ್ಮಿಕ ವ್ಯವಹಾರದಲ್ಲಿ ಸಂಸದೀಯ ಕಾರ್ಯದರ್ಶಿ. ಬಿ. ಆರ್. ಅಂಬೇಡ್ಕರ್ ಮಸೂದೆಯನ್ನು ಕಟುವಾಗಿ ವಿರೋಧಿಸಿದರು. ದುಡಿಯಲು ಒಲ್ಲೆನೆನ್ನುವ ಹಕ್ಕು ಸ್ವಾತಂತ್ರ್ಯದ ಇನ್ನೊಂದು ರೂಪ, ಮನಸ್ಸಿಲ್ಲದವನನ್ನು ಶಿಕ್ಷೆಯ ಭಯದಿಂದ ದುಡಿಸುವುದು ಗುಲಾಮಗಿರಿ ಎಂಬುದು ಅವರ ವಾದ. ಅದೇ ವರ್ಷ ನವೆಂಬರ್ 7ರಂದು ಅವರ ಸ್ವತಂತ್ರ ಕಾರ್ಮಿಕ ಪಕ್ಷವೂ ಕಮ್ಯುನಿಸ್ಟರೂ ಕೂಡಿ ಒಂದು ದಿನದ ಮುಷ್ಕರ ನಡೆಸಿದರು.

ಸಂಘರ್ಷ ನಿರ್ವಹಣೆಯ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಮಾತಿದು. ಎರಡೂ ಕಡೆಯವರು ಒಂದೇ ಎತ್ತರದಲ್ಲಿ ಕೂತಿಲ್ಲದಾಗ, ಸಮಾಧಾನದಿಂದ ಮಾತಾಡೋಣ ಎಂಬ ಕರೆ ಬಲವಿದ್ದವನ ಪರವಾಗಿ ಕಾಲ ಕಳೆಯುವ ಉಪಾಯವಾಗಬಹುದು. ಜಾತಿಯ ಕಿರುಕುಳ, ಲೈಂಗಿಕ ಕಿರುಕುಳ, ಬಾಕಿ ಉಳಿಸಿದ ಸಂಬಳ ಇಂಥವು ಭಿನ್ನಾಭಿಪ್ರಾಯಗಳಲ್ಲ. ಇವುಗಳಲ್ಲಿ ರಾಜಿ ಮಾಡಿಸಲು ಹೊರಡುವ ನಾಯಕ ಅನ್ಯಾಯದ ಪಾಲುದಾರನಾಗುತ್ತಾನೆ. ಮಜೂರ್ ಮಹಾಜನ್‌ನ ಮುಂದಿನ ಇತಿಹಾಸವೂ ಇಲ್ಲಿ ಪ್ರಸ್ತುತ. ಅದರ ಮಹಿಳಾ ವಿಭಾಗದಿಂದ ಇಳಾ ಭಟ್ 1972ರಲ್ಲಿ ಕಟ್ಟಿದ ಸೇವಾ ಎಂಬ ಸ್ವಉದ್ಯೋಗಿ ಮಹಿಳೆಯರ ಸಂಘಟನೆ, ಗುಜರಾತಿನ ಮೀಸಲಾತಿ ವಿರೋಧಿ ಗಲಭೆಯ ಸಮಯದಲ್ಲಿ ದಲಿತರ ಪರ ನಿಂತಿತು. 1981ರಲ್ಲಿ ಮಾತೃಸಂಸ್ಥೆ ಅದನ್ನು ಹೊರಹಾಕಿತು. ಮಧ್ಯಸ್ಥಿಕೆಗೆ ಹೆಸರಾದ ಸಂಸ್ಥೆಗೆ ತನ್ನೊಳಗಿನ ಭಿನ್ನಮತವನ್ನು ಇಟ್ಟುಕೊಳ್ಳಲಾಗಲಿಲ್ಲ.

ಕಾಕ್‌ಪಿಟ್‌ನಲ್ಲಿ ಕೇಳದ ಮಾತು

ಕೆಳಗಿನವರ ಮಾತು ಮೇಲಿನವರಿಗೆ ಮುಟ್ಟದಿದ್ದರೆ ಏನಾಗುತ್ತದೆ ಎಂಬುದನ್ನು ಕ್ಷಣಕ್ಷಣದ ಧ್ವನಿಮುದ್ರಣದ ಸಮೇತ ಹಿಡಿದಿಟ್ಟಿರುವುದು ನಾಗರಿಕ ವಿಮಾನಯಾನ. 1977ರ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳ ಟೆನೆರಿಫ್‌ನಲ್ಲಿ, ಮಂಜು ಕವಿದ ರನ್‌ವೇಯಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಕೆಎಲ್ಎಂ ವಿಮಾನದ ಕ್ಯಾಪ್ಟನ್ ಆ ಸಂಸ್ಥೆಯ ಅತ್ಯಂತ ಗೌರವಾನ್ವಿತ ತರಬೇತುದಾರ. ಇನ್ನೊಂದು ವಿಮಾನ ರನ್‌ವೇಯಿಂದ ಸರಿದಿದೆಯೋ ಇಲ್ಲವೋ ಎಂದು ಫ್ಲೈಟ್ ಎಂಜಿನಿಯರ್ ಅನುಮಾನದ ದನಿಯಲ್ಲಿ ಕೇಳಿದರು. ಕ್ಯಾಪ್ಟನ್ ಖಡಾಖಂಡಿತವಾಗಿ ಹೌದೆಂದರು. ಎರಡನೆಯ ಸಲ ಕೇಳುವ ಧೈರ್ಯ ಯಾರೂ ಮಾಡಲಿಲ್ಲ. ಅದಕ್ಕೂ ಸ್ವಲ್ಪ ಮುಂಚೆ ಇಬ್ಬರು ಒಟ್ಟಿಗೇ ರೇಡಿಯೋದಲ್ಲಿ ಮಾತಾಡಿದ್ದರಿಂದ ಎರಡು ಮುಖ್ಯ ಸಂದೇಶಗಳು ಶಿಳ್ಳೆಯಂಥ ಸದ್ದಿನಲ್ಲಿ ಮುಚ್ಚಿಹೋಗಿದ್ದವು. ಮರುವರ್ಷ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ವಿಮಾನವೊಂದು ಚಕ್ರದ ತೊಂದರೆಯನ್ನು ಪರೀಕ್ಷಿಸುತ್ತ ಸುಮಾರು ಒಂದು ಗಂಟೆ ಸುತ್ತುಹಾಕಿ, ಇಂಧನ ಮುಗಿದು ಬಿತ್ತು. ಹತ್ತು ಜನ ಸತ್ತರು. ಇಂಧನ ಇಳಿಯುತ್ತಿರುವುದು ಸಿಬ್ಬಂದಿಗೆ ಗೊತ್ತಿತ್ತು, ಆ ಮಾತು ಕ್ಯಾಪ್ಟನ್ನರ ಗಮನವನ್ನು ಸೆಳೆಯುವಷ್ಟು ಗಟ್ಟಿಯಾಗಿ ಬರಲಿಲ್ಲ.

ಇವುಗಳ ಹಿನ್ನೆಲೆಯಲ್ಲಿ 1979ರಲ್ಲಿ ನಾಸಾ ಕಾರ್ಯಾಗಾರ ನಡೆಸಿತು, 1981ರಲ್ಲಿ ಯುನೈಟೆಡ್ ಸಂಸ್ಥೆ ಸಿಬ್ಬಂದಿ ಸಮನ್ವಯದ ತರಬೇತಿ ಆರಂಭಿಸಿತು. ಮುಂದೆ ಅದು ಜಗತ್ತಿನೆಲ್ಲೆಡೆ ಕಡ್ಡಾಯವಾಯಿತು. ಸಹಪೈಲಟ್ ಸಂಶಯವನ್ನು ಗುನುಗದೆ ಸ್ಪಷ್ಟವಾಗಿ ಹೇಳಬೇಕು, ಕ್ಯಾಪ್ಟನ್ ಅದಕ್ಕೆ ಉತ್ತರ ಕೊಡಲೇಬೇಕು, ಉತ್ತರ ಬರದಿದ್ದರೆ ಮುಂದಿನ ಹೆಜ್ಜೆ ಏನೆಂಬುದು ಮೊದಲೇ ಗೊತ್ತಿರಬೇಕು ಎಂಬುದು ಆ ತರಬೇತಿಯ ತಿರುಳು.

ತರಬೇತಿ ಕಡ್ಡಾಯವಾದ ಮೇಲೂ ಇದು ತಾನಾಗಿ ನಡೆಯುವುದಿಲ್ಲ ಎಂಬುದನ್ನು ಕರ್ನಾಟಕ 2010ರ ಮೇ 22ರ ಬೆಳಗ್ಗೆ ಕಂಡಿತು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ, ಬೆಟ್ಟದ ನೆತ್ತಿಯ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಜನರನ್ನು ಬಲಿ ತೆಗೆದುಕೊಂಡಿತು. ಬದುಕಿದವರು ಎಂಟೇ ಮಂದಿ. ವಿಮಾನ ಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಅದು ನೆಲ ಮುಟ್ಟಿತು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು. ಯಂತ್ರದ ಎಚ್ಚರಿಕೆಗಳೂ ಮೊಳಗುತ್ತಿದ್ದವು. ಪ್ರಯಾಣದ ಬಹು ಹೊತ್ತು ನಿದ್ದೆಯಲ್ಲಿದ್ದ ಕ್ಯಾಪ್ಟನ್ ಅದ್ಯಾವುದನ್ನೂ ಲೆಕ್ಕಿಸಲಿಲ್ಲ. ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ತನಿಖಾ ನ್ಯಾಯಾಲಯ ಅಪಘಾತಕ್ಕೆ ಕ್ಯಾಪ್ಟನ್ನರ ಈ ಹಟವೇ ನೇರ ಕಾರಣವೆಂದಿತು. ಇನ್ನೊಂದು ಅಂಶವನ್ನೂ ಅದು ಎತ್ತಿ ತೋರಿಸಿತು: ಸಹಪೈಲಟ್ ನಿಯಂತ್ರಣವನ್ನು ತಾನೇ ಕೈಗೆ ತೆಗೆದುಕೊಳ್ಳಬಹುದೇ ಎಂಬ ಬಗ್ಗೆ ನಿಯಮಗಳಲ್ಲೇ ಗೊಂದಲವಿತ್ತು. ಮಾತಾಡುವ ಅವಕಾಶ ಇತ್ತು, ಮಾತಿಗೆ ಬೆಲೆ ಬರುವ ವ್ಯವಸ್ಥೆ ಇರಲಿಲ್ಲ. ನಮ್ಮ ಕಚೇರಿಗಳಲ್ಲಿ ಇಂದಿಗೂ ದೊಡ್ಡ ಕೊರತೆ ಇದೇ.

1986ರ ಜನವರಿ 28ರಂದು ಹಾರಿದ 73 ಸೆಕೆಂಡುಗಳಲ್ಲಿ ಚೂರಾಗಿ ಏಳು ಜನರನ್ನು ಕೊಂದ ಚಾಲೆಂಜರ್ ನೌಕೆಯ ಕಥೆ ಇದೇ ಜಾತಿಯದು. ಹಿಂದಿನ ರಾತ್ರಿಯ ದೂರವಾಣಿ ಸಭೆಯಲ್ಲಿ ಥಿಯೋಕಾಲ್ ಕಂಪನಿಯ ಎಂಜಿನಿಯರುಗಳು, ಇಷ್ಟು ಚಳಿಯಲ್ಲಿ ರಾಕೆಟ್ಟಿನ ರಬ್ಬರ್ ಬಳೆಗಳು ಸರಿಯಾಗಿ ಕೂರುವುದಿಲ್ಲ, ಹಾರಿಸಬೇಡಿ ಎಂದರು. ನಾಸಾ ಕಡೆಯವರು ಅಸಮಾಧಾನ ತೋರಿಸಿದ ಮೇಲೆ ಕಂಪನಿಯ ನಾಲ್ವರು ಮೇಲಧಿಕಾರಿಗಳು ಎಂಜಿನಿಯರುಗಳನ್ನು ಬಿಟ್ಟು ತಮ್ಮೊಳಗೇ ಮತ ಹಾಕಿ ತೀರ್ಮಾನ ಬದಲಿಸಿದರು. ಗ್ರಾಹಕನ ಮುಖದ ಸಿಡುಕು ಅಂಕಿಅಂಶಕ್ಕಿಂತ ಹೆಚ್ಚು ತೂಗಿತು.

ಸಂಶೋಧನೆ ಹೇಳುವುದೇನು

1974ರಲ್ಲಿ ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ರೂಪಿಸಿದ ಪ್ರಶ್ನಾವಳಿ ಇಂದು ಹಲವು ಕಂಪನಿಗಳ ತರಬೇತಿಯಲ್ಲಿ ಬಳಕೆಯಲ್ಲಿದೆ. ತನ್ನ ಹಿತಕ್ಕೆ ಎಷ್ಟು ಅಂಟಿಕೊಳ್ಳುತ್ತೇವೆ, ಎದುರಿನವರ ಹಿತಕ್ಕೆ ಎಷ್ಟು ಗಮನ ಕೊಡುತ್ತೇವೆ ಎಂಬ ಎರಡು ಅಳತೆಗಳಿಂದ ಪೈಪೋಟಿ, ಸಹಯೋಗ, ರಾಜಿ, ನುಣುಚಿಕೊಳ್ಳುವಿಕೆ, ಮಣಿಯುವಿಕೆ ಎಂಬ ಐದು ರೀತಿಗಳನ್ನು ಅದು ಗುರುತಿಸುತ್ತದೆ. ಐದಕ್ಕೂ ತಕ್ಕ ಸಮಯವಿದೆ: ಬೆಂಕಿ ಬಿದ್ದಾಗ ಆಜ್ಞೆಯೇ ಸರಿ, ಸಿಟ್ಟು ಕಾದಿರುವಾಗ ಒಂದು ದಿನ ಮುಂದೂಡುವುದೇ ಜಾಣತನ. ಆದರೆ ಇದನ್ನು ಜಾತಕದಂತೆ ಓದಿ, ನಾನು ಸಹಯೋಗದ ಮನುಷ್ಯ ಎಂದು ಬೀಗುವ ಅಧಿಕಾರಿಗಳಿಗೆ ಇದರಿಂದ ಪ್ರಯೋಜನವಿಲ್ಲ.

ಕೆಲಸದ ಬಗೆಗಿನ ಭಿನ್ನಾಭಿಪ್ರಾಯ ಒಳ್ಳೆಯದು, ವ್ಯಕ್ತಿಗಳ ನಡುವಿನ ಮನಸ್ತಾಪ ಕೆಟ್ಟದ್ದು ಎಂಬ ವಿಂಗಡಣೆಯನ್ನು 1995ರಲ್ಲಿ ಕರೆನ್ ಜೆನ್ ಅವರ ಅಧ್ಯಯನ ಪ್ರಚಲಿತಗೊಳಿಸಿತು. 2003ರಲ್ಲಿ ಡಿ ಡ್ರೂ ಮತ್ತು ವೈನ್‌ಗಾರ್ಟ್ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಎರಡೂ ತಂಡದ ಫಲಿತಾಂಶವನ್ನು ಕುಗ್ಗಿಸುವುದೇ ಹೆಚ್ಚೆಂದು ಕಂಡಿತು. ಒಂದು ಇನ್ನೊಂದಾಗಿ ಮಾರ್ಪಡುವುದು ಬಹಳ ಸುಲಭ. ಲೆಕ್ಕಪತ್ರದ ತಪ್ಪು ತೋರಿಸಿದ ಮಾತು ಸಂಜೆಯ ಹೊತ್ತಿಗೆ ನನ್ನ ಪ್ರಾಮಾಣಿಕತೆಯ ಮೇಲಿನ ಆರೋಪವಾಗಿರುತ್ತದೆ. ಆ ಮಾರ್ಪಾಡನ್ನು ತಡೆಯುವುದು ನಾಯಕನ ಕೆಲಸ.

ಹಾರ್ವರ್ಡಿನ ಏಮಿ ಎಡ್ಮಂಡ್ಸನ್ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಅಭ್ಯಾಸ ಮಾಡಿದಾಗ ತಲೆಕೆಳಗಾದ ಫಲಿತಾಂಶ ಸಿಕ್ಕಿತು. ಒಳ್ಳೆಯ ಮುಂದಾಳುಗಳಿದ್ದ ಘಟಕಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ನರ್ಸುಗಳು ತಪ್ಪನ್ನು ಹೆದರದೆ ಹೇಳುತ್ತಿದ್ದರು, ಉಳಿದೆಡೆ ಮುಚ್ಚಿಡುತ್ತಿದ್ದರು. ಮಾತಾಡಿದರೆ ತನಗೇನೂ ಆಗದೆಂಬ ಈ ಭರವಸೆಯನ್ನು ಅವರು 1999ರ ಲೇಖನದಲ್ಲಿ ಮಾನಸಿಕ ಸುರಕ್ಷತೆ ಎಂದು ಕರೆದರು. ದೂರುಗಳೇ ಇಲ್ಲದ ವಿಭಾಗವನ್ನು ಹೊಗಳುವ ಮೊದಲು ಎರಡು ಸಲ ಯೋಚಿಸಬೇಕು.

ಮಾತುಕತೆಯ ಮೇಜು

ರಾಜಕೀಯ ನಾಯಕತ್ವದಲ್ಲಿ ಮೇಲಿಂದ ಮೇಲೆ ಉದ್ಧೃತವಾಗುವ ಎರಡು ಪ್ರಸಂಗಗಳಿವೆ. 1961ರಲ್ಲಿ ಕ್ಯೂಬಾದ ಮೇಲಿನ ವಿಫಲ ದಾಳಿಗೆ ಒಪ್ಪಿಗೆ ಕೊಟ್ಟ ಅಮೆರಿಕದ ಅಧ್ಯಕ್ಷ ಕೆನಡಿಯ ಸಲಹೆಗಾರರು ಅನುಮಾನವಿದ್ದರೂ ಬಾಯಿ ಬಿಟ್ಟಿರಲಿಲ್ಲ. ಇದನ್ನು 1972ರಲ್ಲಿ ಇರ್ವಿಂಗ್ ಜಾನಿಸ್ ಗುಂಪುಯೋಚನೆಯ ಮಾದರಿಯಾಗಿ ವಿಶ್ಲೇಷಿಸಿದರು. ದಾಳಿಯ ಮರುವರ್ಷದ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಅದೇ ಕೆನಡಿ, ತಾನಿದ್ದರೆ ಯಾರೂ ಮನಬಿಚ್ಚಿ ಮಾತಾಡರೆಂದು ಕೆಲವು ಸಭೆಗಳಿಂದ ಬೇಕೆಂದೇ ದೂರ ಉಳಿದರು. ಟರ್ಕಿಯಲ್ಲಿದ್ದ ತಮ್ಮ ಕ್ಷಿಪಣಿಗಳನ್ನು ತೆಗೆಯುವ ಮಾತನ್ನು ಗುಟ್ಟಾಗಿ ಕೊಟ್ಟು ಸೋವಿಯತ್ ನಾಯಕ ಕ್ರುಶ್ಚೇವರಿಗೆ ಹಿಂದೆ ಸರಿಯಲು ದಾರಿ ಬಿಟ್ಟರು.

ಎರಡನೆಯದು 1978ರ ಸೆಪ್ಟೆಂಬರಿನ ಕ್ಯಾಂಪ್ ಡೇವಿಡ್. ಈಜಿಪ್ಟಿನ ಸಾದಾತ್ ಮತ್ತು ಇಸ್ರೇಲಿನ ಬೆಗಿನ್ ಒಂದು ಕೋಣೆಯಲ್ಲಿ ಕೂತರೆ ಕೂಗಾಟವೇ ಆಗುತ್ತಿತ್ತು. ಅಮೆರಿಕದ ಕಾರ್ಟರ್ ಇಬ್ಬರನ್ನೂ ಬೇರೆಬೇರೆ ಇಟ್ಟು, ಒಂದೇ ಕರಡನ್ನು ಇಬ್ಬರ ನಡುವೆ ಓಡಾಡಿಸಿ, ಮತ್ತೆ ಮತ್ತೆ ತಿದ್ದಿದರು. ಸಿನಾಯ್ ನೆಲ ಈಜಿಪ್ಟಿಗೆ ಬೇಕಿದ್ದದ್ದು ಸಾರ್ವಭೌಮತ್ವಕ್ಕೆ, ಇಸ್ರೇಲಿಗೆ ಬೇಕಿದ್ದದ್ದು ಭದ್ರತೆಗೆ. ನೆಲ ಈಜಿಪ್ಟಿಗೆ, ಅಲ್ಲಿ ಭಾರೀ ಸೈನ್ಯ ನಿಲ್ಲಬಾರದು ಎಂಬುದರಲ್ಲಿ ಎರಡೂ ನೆರವೇರಿದವು. ಕೊನೆಯ ದಿನ ಮಾತು ಮುರಿದು ಬೀಳುವಂತಿದ್ದಾಗ ಕಾರ್ಟರ್, ಬೆಗಿನ್ನರ ಮೊಮ್ಮಕ್ಕಳ ಹೆಸರನ್ನು ಒಂದೊಂದಾಗಿ ಬರೆದು ಸಹಿ ಹಾಕಿದ ಫೋಟೋಗಳನ್ನು ಅವರ ಕೈಗಿತ್ತರು. ಗಟ್ಟಿ ಮನುಷ್ಯ ಬೆಗಿನ್ ಕಣ್ಣೀರಾದರು. 1981ರಲ್ಲಿ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಪ್ರಕಟಿಸಿದ ಸಂಧಾನದ ಪ್ರಸಿದ್ಧ ಪುಸ್ತಕಕ್ಕೆ ಈ ಸಿನಾಯ್ ಪ್ರಶ್ನೆ ಮುಖ್ಯ ನಿದರ್ಶನ. ಅದರಲ್ಲಿ ಫಾಲೆಟ್ ಕೊಟ್ಟಿದ್ದ ಇನ್ನೊಂದು ಉದಾಹರಣೆಯೂ ಇದೆ.

ದಿನನಿತ್ಯದ ಅಭ್ಯಾಸ

ಇಷ್ಟು ದೊಡ್ಡ ಪ್ರಸಂಗಗಳಿಂದ ಕಚೇರಿಯ ಮೇಜಿಗೆ ಇಳಿದರೆ ಉಳಿಯುವ ಅಭ್ಯಾಸಗಳು ಸಣ್ಣವು. ಸಭೆಯಲ್ಲಿ ಮುಖ್ಯಸ್ಥರು ತಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಟ್ಟರೆ ಉಳಿದವರು ತಲೆಯಾಡಿಸುತ್ತಾರೆ. ಕಿರಿಯರಿಂದ ಶುರುಮಾಡಿ ಕೊನೆಗೆ ಮಾತಾಡುವುದು ಲೇಸು. ಆಗಲಿ ಸರ್ ಎಂಬ ಉತ್ತರ ಬಂದಾಗ, ಇದರಲ್ಲಿ ಯಾವುದು ಕೈಕೊಡಬಹುದು ಎಂದು ಇನ್ನೊಂದು ಪ್ರಶ್ನೆ ಕೇಳಬೇಕು. ಇಬ್ಬರ ನಡುವೆ ಮನಸ್ತಾಪವಿದ್ದರೆ ಇಬ್ಬರನ್ನೂ ಪ್ರತ್ಯೇಕವಾಗಿ ಕೇಳಿ ಆಮೇಲೆ ಎದುರುಬದುರು ಕೂರಿಸಬೇಕು. ಒಬ್ಬರ ಕಥೆ ಕೇಳಿ ಇನ್ನೊಬ್ಬರನ್ನು ಕರೆದು ಬೈಯುವುದು ತೀರ್ಪು ಕೊಟ್ಟಂತೆಯೇ. ತಪ್ಪನ್ನು ನಾಲ್ಕು ಜನರ ಮುಂದೆ ಹೇಳಬಾರದು, ಮೆಚ್ಚುಗೆಯನ್ನು ಹೇಳಬಹುದು.

ಮಾತಿನ ಕಟ್ಟೂ ಮುಖ್ಯ. ಅಮೆರಿಕದ ಮನೋವಿಜ್ಞಾನಿ ಥಾಮಸ್ ಗಾರ್ಡನ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ರೀತಿಯಂತೆ, ದೂರನ್ನು ಎದುರಿನವರ ಸ್ವಭಾವದ ಮೇಲಲ್ಲದೆ ತನಗಾದ ಪರಿಣಾಮದ ಮೇಲೆ ನಿಲ್ಲಿಸಬೇಕು. ನೀವು ಯಾವಾಗಲೂ ಹೀಗೇ ಎಂದರೆ ಎದುರಿನವರು ಜಗಳಕ್ಕೆ ನಿಲ್ಲುತ್ತಾರೆ. ವರದಿ ಗುರುವಾರ ಬಂತು, ಬುಧವಾರದ ಸಭೆಯಲ್ಲಿ ನಾನು ಅಂಕಿಅಂಶವಿಲ್ಲದೆ ಕೂತಿದ್ದೆ ಎಂದರೆ ಉತ್ತರ ಕೊಡಲೇಬೇಕಾಗುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಹೊತ್ತಿದ ಜಗಳವನ್ನು ಅಲ್ಲೇ ಆರಿಸಲು ಹೋಗುವುದು ವ್ಯರ್ಥ. ದನಿ, ಮುಖ ಎರಡೂ ಕಾಣದ ಕಡೆ ಪ್ರತಿ ಸಾಲೂ ಇನ್ನಷ್ಟು ಕಠಿಣವಾಗಿ ಓದಿಸಿಕೊಳ್ಳುತ್ತದೆ. ಫೋನ್ ಮಾಡಬೇಕು, ಇಲ್ಲವೇ ಹೋಗಿ ಕಾಣಬೇಕು. ತೀರ್ಮಾನ ಯಾರ ವಿರುದ್ಧ ಹೋಯಿತೋ ಅವರಿಗೆ ಕಾರಣವನ್ನು ನಾಯಕನೇ ಬಾಯಾರೆ ತಿಳಿಸಬೇಕು. ಇನ್ನೊಬ್ಬರಿಂದ ಕೇಳಿ ತಿಳಿದರೆ ಸೋಲಿನ ಜೊತೆಗೆ ಅವಮಾನವೂ ಸೇರುತ್ತದೆ.

ಭಾರತದಲ್ಲಿ, ಕರ್ನಾಟಕದಲ್ಲಿ

1947ರ ಕೈಗಾರಿಕಾ ವಿವಾದ ಕಾಯ್ದೆ, ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಘಟಕಗಳಲ್ಲಿ ಆಡಳಿತ ಮತ್ತು ಕಾರ್ಮಿಕರ ಪ್ರತಿನಿಧಿಗಳ ಜಂಟಿ ಸಮಿತಿಗೆ ಅವಕಾಶ ಮಾಡಿತು. ಎಷ್ಟೋ ಕಡೆ ಅದು ಕುಡಿಯುವ ನೀರು, ಕ್ಯಾಂಟೀನಿನ ಊಟದ ಚರ್ಚೆಯಲ್ಲೇ ಮುಗಿಯಿತು. ಆದರೂ ಊಟದ ದೂರನ್ನು ಶ್ರದ್ಧೆಯಿಂದ ಕೇಳಿದ ಆಡಳಿತಕ್ಕೆ ಕೂಲಿಯ ಮಾತುಕತೆಯೂ ಸಲೀಸು. ನ್ಯಾಯಾಲಯದ ಮೆಟ್ಟಿಲೇರಿದ ವ್ಯಾಜ್ಯಗಳನ್ನು ಮಾತುಕತೆಯಿಂದ ತೀರಿಸಲು ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ಅಲ್ಲಿ ತರಬೇತಿ ಪಡೆದ ಮಧ್ಯಸ್ಥರು ತೀರ್ಪು ಕೊಡುವುದಿಲ್ಲ; ಗಂಡ ಹೆಂಡತಿ, ಅಣ್ಣ ತಮ್ಮಂದಿರು, ಪಾಲುದಾರರು ತಮ್ಮ ತೀರ್ಮಾನಕ್ಕೆ ತಾವೇ ಬರುವಂತೆ ಮಾತು ನಡೆಸಿಕೊಡುತ್ತಾರೆ. ದೇಶಕ್ಕೆ ಪ್ರತ್ಯೇಕ ಮಧ್ಯಸ್ಥಿಕೆ ಕಾಯ್ದೆ ಬಂದದ್ದು 2023ರಲ್ಲಿ.

ಕರ್ನಾಟಕ ಮತ್ತು ತಮಿಳುನಾಡಿನ ನಡುವಿನ ಕಾವೇರಿ ನೀರಿನ ವಿವಾದದಲ್ಲಿ ನ್ಯಾಯಮಂಡಳಿ, ಸುಪ್ರೀಂ ಕೋರ್ಟು, ಮುಖ್ಯಮಂತ್ರಿಗಳ ಸಭೆಗಳ ಆಚೆ ನಡೆದ ಒಂದು ಪ್ರಯತ್ನ ಇಲ್ಲಿ ಸಲ್ಲುತ್ತದೆ. 1991ರ ಮಧ್ಯಂತರ ಆದೇಶದ ನಂತರ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಿಂಸಾಚಾರ ನಡೆದಿತ್ತು; 2002ರಲ್ಲಿ ಮಳೆ ಕೈಕೊಟ್ಟಾಗ ಎರಡೂ ರಾಜ್ಯಗಳಲ್ಲಿ ಮತ್ತೆ ಉದ್ವೇಗ. 2003ರಲ್ಲಿ ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಮುಂದಾಳತ್ವದಲ್ಲಿ ಎರಡೂ ರಾಜ್ಯಗಳ ರೈತರು ಕಾವೇರಿ ಕುಟುಂಬ ಎಂಬ ವೇದಿಕೆ ಕಟ್ಟಿದರು. ಇಲ್ಲಿನ ರೈತರು ತಮಿಳುನಾಡಿನ ನಾಲೆಗಳನ್ನು ನೋಡಿ ಬಂದರು, ಅಲ್ಲಿಯವರು ಇಲ್ಲಿನ ಜಲಾಶಯಗಳನ್ನು ನೋಡಿದರು. ನೀರು ಹಂಚಿಕೆಯ ಸೂತ್ರವನ್ನು ಈ ವೇದಿಕೆಯಿಂದ ಸರ್ಕಾರಗಳು ಪಡೆಯಲಿಲ್ಲ, ಅಂತಿಮ ತೀರ್ಮಾನ 2007ರ ನ್ಯಾಯಮಂಡಳಿ ಆದೇಶ ಮತ್ತು 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದಲೇ ಬಂತು. ಆದರೆ ಸಂಕಷ್ಟದ ವರ್ಷದಲ್ಲಿ ನೀರಿನ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಗದ್ದೆಯ ಬದುವಿನ ಮೇಲೆ ನಿಂತು, ಪರಸ್ಪರ ಬೆಳೆಯನ್ನು ಕಣ್ಣಾರೆ ಕಂಡು ಚರ್ಚಿಸಿದವರು ಆ ರೈತರು. ಮುಂದಿನ ಬರಗಾಲಗಳಲ್ಲಿ ಈ ಚರ್ಚೆಯನ್ನು ಮತ್ತೆ ಕೈಗೆತ್ತಿಕೊಳ್ಳುವವರಿಗೆ ಅವರ ಅನುಭವ ಲಭ್ಯವಿದೆ.